ಬೌರಿಂಗ್‌ಪೇಟೆಯ ವಂಶಶೋಧನೆಯೂ ಅಂತರ್ಜಾಲದ ಆಧಾರಗಳೂ

ವಂಶವೃತ್ತಾಂತವನ್ನು ಅಂತರ್ಜಾಲದಲ್ಲಿ ಅರಸುವ ಪದ್ಧತಿಯು ಈಗ ರೂಢಿಗೆ ಬಂದಿದೆ. ಕೋಲಾರದ ಚಿನ್ನದ ಗಣಿಪ್ರದೇಶದ ಮಟ್ಟಿಗೆ ಅದರ ಬಲಾಬಲಗಳನ್ನು ವಿಚಾರಿಸುವುದು ಉಚಿತವಾಗಿದೆ.

ಮೊದಲನೆಯದು ಸ್ಥಳನಾಮದ ವಿಚಾರ. ಇಂದಿನ ಬಂಗಾರಪೇಟೆಯು ಹಿಂದೆ ಮೈಸೂರಿನ ಕಮಿಷನರಾಗಿದ್ದ (1862–1870) ಲೂಯಿನ್ ಬೌರಿಂಗನ ಹೆಸರಿನಿಂದ ಬೌರಿಂಗ್‌ಪೇಟೆಯೆನಿಸಿತ್ತು. 1905ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟದಲ್ಲಿ ಬೇತಮಂಗಲದ ಶಾಸನಗಳು ಆ ತಾಲ್ಲೂಕಿನ ಹೆಸರಿನಲ್ಲಿಯೇ ಇವೆ. ಆದುದರಿಂದ ಹೊಸ ಹೆಸರೊಂದನ್ನೇ ಹಿಡಿದು ಹುಡುಕುವವರಿಗೆ ಹಳೆಯ ದಾಖಲೆಗಳು ದೊರೆಯಲಾರವು.

ಎರಡನೆಯದು ದಾಖಲೆಗಳ ವ್ಯಾಪ್ತಿ. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಗಣಿಗಳು ಬೆಳೆದಂತೆ ಯೂರೋಪಿಯನ್ನರೂ ಆಂಗ್ಲೋ-ಇಂಡಿಯನ್ನರೂ ತಮಿಳು ತೆಲುಗು ಸೀಮೆಗಳ ಕೂಲಿಕಾರರೂ ಅಲ್ಲಿ ನೆಲಸಿದರು. ಮೊದಲ ಎರಡು ವರ್ಗಗಳವರ ಜ್ಞಾನಸ್ನಾನ, ವಿವಾಹ, ಶವಸಂಸ್ಕಾರಗಳ ಲೇಖಗಳು ಇಂಡಿಯಾ ಆಫೀಸಿನ ಕಡತಗಳಲ್ಲಿ ಸೇರಿದ್ದು, ಬ್ರಿಟಿಷ್ ಲೈಬ್ರರಿಯ ಸಂಗ್ರಹದಿಂದ ಅಂತರ್ಜಾಲಕ್ಕೆ ಬಂದಿವೆ. 1998ರಲ್ಲಿ ಸ್ಥಾಪಿತವಾದ ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿಯೂ ಇಂತಹ ಸೂಚಿಗಳನ್ನು ಒದಗಿಸುತ್ತದೆ. ಸುರಂಗದಲ್ಲಿ ದುಡಿದ ಕೂಲಿಕಾರರ ಹೆಸರುಗಳಾದರೋ ಇವುಗಳಲ್ಲಿ ವಿರಳ.

ಕಾಣಲು ಯೋಗ್ಯವಾದುದು ಕಾಣದಿದ್ದಾಗ ಮಾತ್ರವೇ ಅದರ ಅಭಾವವು ಸಿದ್ಧವಾಗುವುದೆಂದು ಭಾಟ್ಟ ಮೀಮಾಂಸಕರ ಮತ. ಬರೆದಿಡದ ಹೆಸರು ಸೂಚಿಯಲ್ಲಿ ಸಿಕ್ಕದಿರುವುದು ವಂಶದ ಅಭಾವಕ್ಕೆ ಪ್ರಮಾಣವಾಗದು. 2001ರಲ್ಲಿ ಗಣಿಗಳು ಮುಚ್ಚಿದವು. ಅಲ್ಲಿ ದುಡಿದವರು ವೃದ್ಧರಾಗಿದ್ದಾರೆ. ಅವರ ಬಾಯಿಮಾತನ್ನು ಧ್ವನಿಮುದ್ರಿಸುವುದೂ, ಮನೆಗಳಲ್ಲಿ ಉಳಿದ ಕಾಗದಪತ್ರಗಳನ್ನೂ ಸಮಾಧಿಯ ಕಲ್ಬರಹಗಳನ್ನೂ ಛಾಯಾಚಿತ್ರ ತೆಗೆದಿಡುವುದೂ ಈ ಕಾಲದ ಯಂತ್ರಗಳಿಂದ ಸುಲಭಸಾಧ್ಯ. ಶೋಧಕರು ಹುಡುಕುವುದಕ್ಕಿಂತ ಮೊದಲು ಕೂಡಿಡುವ ಈ ಕಾರ್ಯವನ್ನು ಕೈಕೊಳ್ಳುವುದು ಅವಶ್ಯಕವಾಗಿದೆ.