ಓಟದ ಕಾರಿಗೆ ಶ್ರುತಿ ಕಟ್ಟಿದವರು

ಹೋದ ಸಂಕ್ರಾಂತಿಯಲ್ಲಿ ನಮ್ಮ ಬೀದಿಯ ಹುಡುಗನೊಬ್ಬ ಕೊಯಮತ್ತೂರಿನಿಂದ ಹಳೇ ಕಾರೊಂದನ್ನು ಕೊಂಡು ತಂದ. ಕಾರು ನೆಲಕ್ಕೆ ಹೊಟ್ಟೆ ಅಂಟಿಸಿಕೊಂಡು ಮಲಗಿದ ಎಮ್ಮೆ ಥರ ನಿಂತಿತ್ತು. "ಏನ್ಲಾ ಇದು?" ಅಂದೆ. "ಸ್ಪೋರ್ಟ್ಸ್ ಕಾರಿನಂಗೆ ಕಾಣ್ಲಿ ಅಂತ ಸ್ಪ್ರಿಂಗು ಒಂದೊಂದು ಸುತ್ತು ಕುಯ್ಸಿಬುಟ್ಟೆ ತಾತ" ಅಂದ. ಬಣ್ಣಾರಿಯಿಂದ ದಿಂಬಂ ತನಕ 27 ತಿರುವು ಇದರಲ್ಲೇ ಹತ್ತಿ ಬಂದ್ಯಾ ಅಂತ ಕೇಳಿದೆ. "ಬಂದೆ. ಒಂದೆರಡು ಕಡೆ ಹಿಂದುಗಡೆ ಎಗರಾಡ್ತು, ಅಷ್ಟೇ" ಅಂದು ನಕ್ಕ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಯಾಕೆ ಅನ್ನೋದು ಮುಂದೆ ಬರುತ್ತದೆ.

ವಾಚನಾಲಯದವರು ಚರಿತ್ರೆಯ ಮೇಲೆ ಒಂದು ಬರಹ ಕೊಡಿ ಅಂದಾಗ, ನಾನು ಮಾದಪ್ಪನ ಪದಗಳ ಬಗ್ಗೆ ಬರೀತೀನಿ ಅಂತ ಎಲ್ಲರೂ ತಿಳಿದಿದ್ದರು. ಪದ ನನ್ನ ಬಾಯಲ್ಲಿದೆ, ಅದನ್ನು ಯಾವಾಗ ಬೇಕಾದರೂ ಕೇಳಬಹುದು. ಏಳನೇ ಕ್ಲಾಸು ಓದಿದ ಈ ರೈತ ಒಂದು ಕಾಲದಲ್ಲಿ ಕೊಯಮತ್ತೂರಿನ ಓಟದ ಕಾರುಗಳ ಶೆಡ್ಡಿನಲ್ಲಿ ಆರು ವರ್ಷ ಕೈಯಾಳಾಗಿದ್ದ ಸಂಗತಿ ಈಗಿನ ಹುಡುಗರಿಗೆ ಗೊತ್ತಿಲ್ಲ. ಅಲ್ಲಿ ಮೇಸ್ತ್ರಿ ಬಾಯಲ್ಲಿ ಕೇಳಿದ್ದು, ಆಮೇಲೆ ಸಿಕ್ಕ ಪುಸ್ತಕ ಪತ್ರಿಕೆಗಳಲ್ಲಿ ಓದಿದ್ದು, ಓದಿಸಿಕೊಂಡದ್ದು ಎಲ್ಲ ಸೇರಿಸಿ ಬರೆಯುತ್ತಿದ್ದೇನೆ.

ನಮ್ಮ ಎತ್ತಿನ ಗಾಡಿಗೆ ಸ್ಪ್ರಿಂಗು ಇಲ್ಲ. ಕಲ್ಲು ಹತ್ತಿದರೆ ಗಾಲಿಯ ಜೊತೆ ಮೂಕಿಯೂ ಎದ್ದಿತು, ಕೂತವನ ಬೆನ್ನೂ ಎದ್ದಿತು. ಎತ್ತಿನ ನಡಿಗೆಗೆ ಅದು ಸಾಕು. ಕುದುರೆ ಓಡುವ ಗಾಡಿಗೆ ಸಾಲದು. ಲಂಡನ್ನಿನ ಒಬಾಡಯಾ ಎಲಿಯಟ್ ಅನ್ನೋನು 1804ರಲ್ಲಿ ಎರಡು ಉಕ್ಕಿನ ಕಮಾನುಗಳನ್ನು ಎದುರುಬದುರಾಗಿ ಜೋಡಿಸಿ, ಅದರ ಮೇಲೆ ಸಾರೋಟಿನ ಪೆಟ್ಟಿಗೆ ಕೂರಿಸೋದಕ್ಕೆ ಪೇಟೆಂಟ್ ಪಡೆದ. ಕಾರು ಬಂದಾಗ ಅದೇ ಕಮಾನು ಪಟ್ಟಿ ಕಾರಿನ ಕೆಳಕ್ಕೂ ಬಂತು. ಲಾರಿಗಳಲ್ಲಿ ಇವತ್ತಿಗೂ ಅದರ ಸಂತತಿ ಇದೆ.

ಸ್ಪ್ರಿಂಗಿನಿಂದ ಒಂದು ಕಷ್ಟ ತೀರಿ ಇನ್ನೊಂದು ಹುಟ್ಟಿತು. ತಂಬೂರಿ ತಂತಿ ಮೀಟಿ ಬಿಟ್ಟರೆ ಅದು ಸುಮ್ಮನಾಗೋದಿಲ್ಲ, ಬಹಳ ಹೊತ್ತು ಆಡುತ್ತಲೇ ಇರುತ್ತದೆ. ನಮಗೆ ಅದೇ ಬೇಕು. ಕಾರಿಗೆ ಅದು ಬೇಡ. ಒಂದು ಗುಂಡಿ ದಾಟಿದ ಮೇಲೂ ಕಾರು ನಾಲ್ಕು ಸಲ ಮೇಲೆ ಕೆಳಗೆ ಆಡಿದರೆ ಟೈರು ನೆಲ ಬಿಡುತ್ತದೆ. ನೆಲ ಬಿಟ್ಟ ಟೈರಿಗೆ ಸ್ಟಿಯರಿಂಗೂ ಗೊತ್ತಿಲ್ಲ, ಬ್ರೇಕೂ ಗೊತ್ತಿಲ್ಲ. ತಂತಿ ನಿಲ್ಲಿಸಲು ನಾವು ಬೆರಳು ಇಡುತ್ತೇವಲ್ಲ, ಅಂಥ ಬೆರಳು ಸ್ಪ್ರಿಂಗಿಗೂ ಬೇಕಾಯಿತು. ನಾವು ಈಗ ಶಾಕಬ್ಸರ್ ಅನ್ನೋದು ಆ ಬೆರಳನ್ನೇ.

ಮೊದಲು ಅದನ್ನು ಮಾಡಿದವರಲ್ಲಿ ಫ್ರಾನ್ಸಿನ ಟ್ರುಫೋ ಮುಖ್ಯ. ಅದನ್ನು ಅಮೆರಿಕಕ್ಕೆ ಒಯ್ದು ಹೆಸರು ಮಾಡಿದವನು ಹಾರ್ಟ್‌ಫರ್ಡ್. ಇದೆಲ್ಲ 1900 ಆದ ಮೇಲಿನ ಕೆಲವೇ ವರ್ಷಗಳ ಮಾತು. ಕತ್ತರಿ ಥರದ ಎರಡು ತೋಳು, ನಡುವೆ ಉಜ್ಜುವ ಬಿಲ್ಲೆಗಳು, ಎಲ್ಲವನ್ನೂ ಅಮುಕಿ ಹಿಡಿಯುವ ಒಂದು ನಟ್ಟು. ನಟ್ಟು ಬಿಗಿ ಮಾಡಿದರೆ ಕಾರು ಗಟ್ಟಿ, ಸಡಿಲ ಮಾಡಿದರೆ ಮೆತ್ತಗೆ. ಬೇಕಾದ ಹಾಗೆ ತಿರುಗಿಸಿಕೊಳ್ಳುವ ಸಸ್ಪೆನ್ಷನ್ನಿನ ಚರಿತ್ರೆ ನನ್ನ ಲೆಕ್ಕದಲ್ಲಿ ಆ ನಟ್ಟಿನಿಂದ ಶುರು. ಓಟದ ದಿನ ಮೆಕಾನಿಕ್ ಸ್ಪ್ಯಾನರ್ ಹಿಡಿದು ನಾಲ್ಕು ಗಾಲಿಯ ಹತ್ತಿರವೂ ಹೋಗಿ ಕೈ ಅಳತೆಯಲ್ಲಿ ಬಿಗಿ ಮಾಡಬೇಕಿತ್ತು. 1930ರ ದಶಕದಲ್ಲಿ ಇಂಗ್ಲೆಂಡಿನ ಆಂಡ್ರೆ ಕಂಪನಿಯವರು ಟೆಲಿಕಂಟ್ರೋಲ್ ಅಂತ ಒಂದನ್ನು ತಂದರು. ಡ್ರೈವರ್ ಕೂತಲ್ಲಿಂದಲೇ ಗುಬ್ಬಿ ತಿರುಗಿಸಿ ಬಿಗಿ ಹೆಚ್ಚು ಕಡಿಮೆ ಮಾಡಬಹುದಿತ್ತು. ಆದರೂ ಉಜ್ಜುವ ಬಿಲ್ಲೆಗೆ ಒಂದು ದೋಷ ಉಂಟು. ಸಣ್ಣ ಕಲ್ಲಿಗೆ ಅದು ಮೊಂಡು ಹಿಡಿದು ನಿಲ್ಲುತ್ತದೆ, ದೊಡ್ಡ ಗುಂಡಿಗೆ ಸಾಲದೆ ಜಾರುತ್ತದೆ. ಆಮೇಲೆ ಎಣ್ಣೆಯ ಶಾಕಬ್ಸರ್ ಗೆದ್ದದ್ದು ಇದಕ್ಕೇ. ಸೈಕಲ್ ಪಂಪಿನ ತೂತಿಗೆ ಬೆರಳು ಅಡ್ಡ ಇಟ್ಟು ಒತ್ತಿ ನೋಡಿ. ಮೆಲ್ಲಗೆ ಒತ್ತಿದರೆ ದಾರಿ ಕೊಡುತ್ತದೆ, ಜೋರಾಗಿ ಒತ್ತಿದರೆ ಎದುರು ನಿಲ್ಲುತ್ತದೆ. ಎಣ್ಣೆ ಸಣ್ಣ ತೂತಿನಲ್ಲಿ ನುಗ್ಗುವಾಗಲೂ ಹಾಗೇ.

ಇಲ್ಲಿ ಮಾರಿಸ್ ಓಲಿ ಅನ್ನುವ ಎಂಜಿನಿಯರನ್ನು ನೆನೆಯಬೇಕು. ರೋಲ್ಸ್ ರಾಯ್ಸ್ ಬಿಟ್ಟು 1930ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸೇರಿದವರು. ಒಂದು ಕಾರಿನ ಹಿಂದೆ ಮುಂದೆ ಭಾರ ಕಟ್ಟಿ, ಭಾರ ಸರಿಸಿ, ಸ್ಪ್ರಿಂಗು ಬದಲಿಸಿ, ಜನರನ್ನು ಕೂರಿಸಿ ಓಡಿಸಿ ನೋಡಿದರು. ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಮೆತ್ತಗಿದ್ದರೆ ಸವಾರಿ ಸಮ ಅಂತ ಕಂಡುಕೊಂಡರು. ಗುಂಡಿ ಮೊದಲು ತಾಗುವುದು ಮುಂದಿನ ಗಾಲಿಗೆ. ಹಿಂದಿನದು ತಡವಾಗಿ ಎದ್ದು, ಬೇಗ ಆಡಿ, ಮುಂದಿನದನ್ನು ಹೋಗಿ ಸೇರಿಕೊಳ್ಳುತ್ತದೆ. ಪದ ಹೇಳುವಾಗ ಹಿಮ್ಮೇಳದವನು ಅರ್ಧ ಕ್ಷಣ ತಡವಾಗಿ ಎತ್ತಿದರೂ ಕೊನೆಯಲ್ಲಿ ಮುಮ್ಮೇಳದ ಜೊತೆಗೇ ಬಂದು ಇಳಿಯುತ್ತಾನಲ್ಲ, ಹಂಗೆ. ಆ ಕಾಲದಲ್ಲೇ ಫ್ರಾನ್ಸಿನ ಸಿಟ್ರೋಯೆನ್ ಕಂಪನಿಯ ಬುಲಾಂಜೆ ಅನ್ನೋರು ರೈತರಿಗೊಂದು ಕಾರು ಬೇಕು, ಉತ್ತ ಹೊಲದಲ್ಲಿ ಮೊಟ್ಟೆ ಬುಟ್ಟಿ ಇಟ್ಟು ಓಡಿಸಿದರೂ ಒಂದು ಮೊಟ್ಟೆ ಒಡೆಯಬಾರದು ಅಂತ ಹೇಳಿ ಮಾಡಿಸಿದರು. 1948ರಲ್ಲಿ ಬಂದ 2ಸಿವಿ ಅದೇ. ಅದು ಓಟದ ಕಾರಲ್ಲ, ಆದರೂ ರೈತನಾಗಿ ನನಗೆ ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗಲಿಲ್ಲ.

ಓಟದ ಕಾರಿಗೆ ಸ್ಪ್ರಿಂಗು ಕಲ್ಲಿನಂತೆ ಗಟ್ಟಿ ಇರಬೇಕು ಅಂತ ನಮ್ಮ ಹುಡುಗ ತಿಳಿದ ಹಾಗೆ ದೊಡ್ಡ ದೊಡ್ಡವರೂ ಬಹುಕಾಲ ತಿಳಿದಿದ್ದರು. ಅದನ್ನು ಅಲುಗಾಡಿಸಿದವರಲ್ಲಿ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ಒಬ್ಬರು. ಲೋಟಸ್ ಕಾರು ಕಟ್ಟಿದವರು. ಕಾರನ್ನು ಹಗುರ ಮಾಡು, ಸ್ಪ್ರಿಂಗು ಮೆತ್ತಗೆ ಇಡು, ಶಾಕಬ್ಸರಿನಿಂದ ಹಿಡಿತ ತಗೋ, ಟೈರು ನೆಲ ಬಿಡದ ಹಾಗೆ ನೋಡಿಕೋ, ಇದು ಅವರ ದಾರಿ. ಅವರ ಕಾರಿನಲ್ಲಿ ಜಿಮ್ ಕ್ಲಾರ್ಕ್ 1963 ಮತ್ತು 1965ರಲ್ಲಿ ವಿಶ್ವ ಚಾಂಪಿಯನ್ ಆದರು.

ಹಾಲೆಂಡಿನಲ್ಲಿ ಕುದುರೆ ಗಾಡಿಯ ಸಾಮಾನು ಮಾಡುತ್ತಿದ್ದ ಕೋನಿ ಅನ್ನೋ ಮನೆತನದ ಕಂಪನಿ ಶಾಕಬ್ಸರಿಗೆ ಬಂದು ಲೋಕಕ್ಕೆಲ್ಲ ಹೆಸರಾಯಿತು. ಅವರ ಹಳೇ ಮಾದರಿಯದನ್ನು ಬಿಗಿ ಮಾಡಬೇಕಾದರೆ ಕಾರಿನಿಂದ ಬಿಚ್ಚಬೇಕು. ನೆಟ್ಟಗೆ ನಿಲ್ಲಿಸಿ ಪೂರಾ ಕೆಳಕ್ಕೆ ಒತ್ತಬೇಕು. ಒತ್ತಿಕೊಂಡೇ ಮೆಲ್ಲಗೆ ತಿರುಗಿಸುತ್ತಾ ಹೋದರೆ ತಳದಲ್ಲಿರುವ ಹಲ್ಲಿಗೆ ಹಲ್ಲು ಕಚ್ಚುತ್ತದೆ. ಕಚ್ಚಿದ್ದು ಕಣ್ಣಿಗೆ ಕಾಣೋದಿಲ್ಲ, ಅಂಗೈಗೆ ಗೊತ್ತಾಗಬೇಕು. ಅಲ್ಲಿಂದ ಅರ್ಧ ಸುತ್ತು, ಒಂದು ಸುತ್ತು ಅಂತ ಎಣಿಸಬೇಕು. ಗಾಲಿ ಕೆಳಕ್ಕೆ ಇಳಿಯುವಾಗಿನ ತಡೆ ಅದರಿಂದ ಹೆಚ್ಚುತ್ತದೆ. ಅದು ಅತಿಯಾದರೆ ಇನ್ನೊಂದು ಪೀಡೆ. ಸಾಲು ಗುಂಡಿಗಳಲ್ಲಿ ಗಾಲಿ ಕೆಳಕ್ಕೆ ಬರುವುದರೊಳಗೆ ಮುಂದಿನ ಗುಂಡಿ ಬಂದು, ಕಾರು ಪ್ರತಿ ಸಲವೂ ಒಂದಿಷ್ಟು ಕುಸಿಯುತ್ತಾ ಹೋಗುತ್ತದೆ.

ನನ್ನ ಕಥೆ ಬರುವುದು ಇಲ್ಲಿಗೆ. ನಾನು ಕೊಯಮತ್ತೂರಿಗೆ ಹೋದ ಕಾಲದಲ್ಲಿ ಅಲ್ಲಿ ಓಟದ ಕಾರಿನ ಹುಚ್ಚು ಏರಿತ್ತು. ಅಲ್ಲಿಯವರೇ ಆದ ಎಸ್. ಕರಿವರ್ಧನ್ 1988ರ ಸುಮಾರಿಗೆ ಮಾರುತಿ 800ರ ಎಂಜಿನ್ ಇಟ್ಟು ಒಬ್ಬನೇ ಕೂರುವ ಓಟದ ಕಾರು ಕಟ್ಟಿಸಿದ್ದರು. ಅದಕ್ಕೆ ಮುಂಚೆಯಿಂದಲೂ ಮದ್ರಾಸಿನ ಹತ್ತಿರ ಶೋಲಾವರಂನಲ್ಲಿ, ಯುದ್ಧಕಾಲದ ಹಳೇ ವಿಮಾನಪಟ್ಟಿಯ ಮೇಲೆ ಓಟ ನಡೆಯುತ್ತಿತ್ತು. ನಾನಿದ್ದದ್ದು ಅಂಥ ದೊಡ್ಡ ಹೆಸರಿನ ಜಾಗವಲ್ಲ, ತಗಡಿನ ಶೆಡ್ಡು. ಮೇಸ್ತ್ರಿ ಮನೆಮಾತು ಕನ್ನಡ. ಹೊರಗೆ ತಮಿಳು, ಬೈಯೋದು ಮಾತ್ರ ಕನ್ನಡದಲ್ಲಿ. ನಾವು ಅಣ್ಣ ಅಂತಿದ್ದೆವು.

ಒಂದು ಕಾರಿಗೆ ಹೊರದೇಶದಿಂದ ತರಿಸಿದ, ನಾನು ಹೇಳಿದಂಥ ಜಾತಿಯ ಶಾಕಬ್ಸರ್ ಹಾಕಿದ್ದರು. ಹಿಂದಿನ ಎರಡಕ್ಕೂ ಅರ್ಧರ್ಧ ಸುತ್ತು ಬಿಗಿ ಕೊಡು ಅಂದರು ಅಣ್ಣ. ರಾತ್ರಿ ಹತ್ತು ಗಂಟೆ, ಹೊಟ್ಟೆ ಹಸಿದಿತ್ತು. ಎಡಗಡೆಯದು ಸರಿಯಾಗಿ ಕಚ್ಚಿತು. ಬಲಗಡೆಯದು ಕಚ್ಚಿತೋ ಇಲ್ಲವೋ ಅಂಗೈಗೆ ತಿಳಿಯಲಿಲ್ಲ. ತಿರುಗಿಸಿದ್ದು ಮಾತ್ರ ಅರ್ಧ ಸುತ್ತೇ. "ಆಯ್ತೇನ್ಲಾ?" ಅಂದರು. "ಆಯ್ತಣ್ಣ" ಅಂದುಬಿಟ್ಟೆ.

ಬೆಳಗ್ಗೆ ಊರಾಚೆ ಖಾಲಿ ರಸ್ತೆಯಲ್ಲಿ ಕಾರು ಓಡಿಸಿ ನೋಡಿದರು. ಎಡಕ್ಕೆ ತಿರುಗುವಾಗ ಒಂದು ಗುಣ, ಬಲಕ್ಕೆ ತಿರುಗುವಾಗ ಇನ್ನೊಂದು ಗುಣ. ಮೂರನೇ ಸಲಕ್ಕೆ ಹಿಂದುಗಡೆ ಬೀಸಿ ಕಾರು ಬದಿಯ ಮಣ್ಣುದಿಬ್ಬಕ್ಕೆ ಹೊಡೆಯಿತು. ಓಡಿಸುತ್ತಿದ್ದ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು, ಹೆಗಲ ಮೂಳೆ ಮುರಿಯಿತು. ಆ ವರ್ಷ ಅವನು ಓಟಕ್ಕೆ ಹೋಗಲಿಲ್ಲ. ಶೆಡ್ಡಿಗೆ ಬಂದ ಮೇಲೆ ಅಣ್ಣ ಎರಡು ಶಾಕಬ್ಸರನ್ನೂ ಬಿಚ್ಚಿ, ಒತ್ತಿ ಎಳೆದು ನೋಡಿ, ಒಂದು ಮಾತೂ ಆಡದೆ ಎರಡನ್ನೂ ನನ್ನ ಕೈಗೆ ಕೊಟ್ಟರು. ನಾನೂ ಎಳೆದು ನೋಡಿದೆ. ಎಡಗಡೆಯದು ಭಾರವಾಗಿ ಬಂತು. ಬಲಗಡೆಯದು ಬಾವಿಯಿಂದ ಖಾಲಿ ಕೊಡ ಸೇದಿದ ಹಾಗೆ ಬಂದುಬಿಟ್ಟಿತು. ಆ ಹುಡುಗನಿಗೆ ನಾನು ಇದನ್ನು ಹೇಳಲೇ ಇಲ್ಲ. ಅಣ್ಣನೂ ಹೇಳಲಿಲ್ಲ. ಮೂವತ್ತು ವರ್ಷಕ್ಕೂ ಮೀರಿತು, ಇಲ್ಲಿ ಬರೆಯುತ್ತಿರುವುದೇ ಮೊದಲು.

ಮಾರನೆಯ ದಿನ ಅಣ್ಣ ಒಂದು ಲೆಕ್ಕದ ನೋಟ್‌ಬುಕ್ ತಂದುಕೊಟ್ಟರು. ಏನು ತಿರುಗಿಸಿದರೂ ಬರೆಯಬೇಕು, ಅನುಮಾನ ಬಂದರೆ ಅನುಮಾನ ಅಂತಲೇ ಬರೆಯಬೇಕು. ಆಗಲೇ ಅವರು ಮಾರ್ಕ್ ಡೊನೊಹ್ಯೂ ಹೆಸರು ಹೇಳಿದ್ದು. ಅಮೆರಿಕದವರು, ಎಂಜಿನಿಯರಿಂಗ್ ಓದಿ ಓಟಕ್ಕೆ ಇಳಿದವರು. ರೋಜರ್ ಪೆನ್ಸ್ಕೆ ಅವರ ತಂಡದಲ್ಲಿ 1972ರ ಇಂಡಿಯಾನಪೊಲಿಸ್ 500 ಗೆದ್ದರು, 1973ರಲ್ಲಿ ಪೋರ್ಷೆ 917/30ರಲ್ಲಿ ಕ್ಯಾನ್-ಆಮ್ ಚಾಂಪಿಯನ್ ಆದರು. ಅವರ ತಂಡ ವಿಶಾಲ ಬಯಲಿನಲ್ಲಿ ದೊಡ್ಡ ವೃತ್ತ ಬರೆದು, ಕಣದಲ್ಲಿ ಗುಂಡುಕಲ್ಲು ಎಳೆಯುವ ಎತ್ತಿನ ಹಾಗೆ, ಕಾರನ್ನು ಸುತ್ತಿಸುತ್ತಿತ್ತು. ವೇಗ ಏರಿಸುತ್ತಾ ಹೋದರೆ ಕೊನೆಗೆ ಒಂದು ಕಡೆ ಜಾರಲೇಬೇಕು. ಮೂತಿ ಹೊರಕ್ಕೆ ಜಾರಿದರೆ ಮುಂದಿನ ಟೈರಿಗೆ ಹಿಡಿತ ಸಾಲದು, ಬಾಲ ಜಾರಿದರೆ ಹಿಂದಿನದಕ್ಕೆ ಸಾಲದು. ಆಗ ಆಂಟಿ ರೋಲ್ ಬಾರನ್ನೋ ಸ್ಪ್ರಿಂಗನ್ನೋ ಒಂದೇ ಒಂದನ್ನು ಬದಲಿಸಿ ಮತ್ತೆ ಸುತ್ತುವುದು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅನ್ನೋದು ಆ ಭಗವಂತನಿಗೂ ತಿಳಿಯದು. ಅಷ್ಟೆಲ್ಲ ಅಳೆದು ತೂಗಿದ ಮನುಷ್ಯ 1975ರಲ್ಲಿ ಆಸ್ಟ್ರಿಯಾದಲ್ಲಿ ಟೈರು ಕೈಕೊಟ್ಟು ಅಪಘಾತವಾಗಿ ತೀರಿಕೊಂಡರು.

ಅಣ್ಣ ಕಾರು ಮುಟ್ಟುವ ಕ್ರಮವೂ ಹಾಗೇ ಇತ್ತು. ಮೊದಲು ಟೈರಿನ ಗಾಳಿ. ಆಮೇಲೆ ನಾಲ್ಕು ಮೂಲೆಯ ಎತ್ತರ. ಓಟದ ಕಾರಿನಲ್ಲಿ ಸ್ಪ್ರಿಂಗು ಕೂರುವ ಬಟ್ಟಲು ಮರೆ ಸುತ್ತಿನ ಮೇಲೆ ಇರುತ್ತದೆ, ತಿರುಗಿಸಿದರೆ ಆ ಮೂಲೆ ಏರುತ್ತದೆ, ಇಳಿಯುತ್ತದೆ. ಆದರೆ ನಾಲ್ಕು ಕಾಲಿನ ಮಂಚದ ಒಂದು ಕಾಲಿಗೆ ಚಕ್ಕೆ ಕೊಟ್ಟು ನೋಡಿ. ಭಾರ ಆ ಕಾಲಿಗೂ ಅದರ ಮೂಲೆಗೆದುರು ಕಾಲಿಗೂ ಹೋಗುತ್ತದೆ, ಉಳಿದೆರಡು ಹಗುರವಾಗುತ್ತವೆ. ಆದ್ದರಿಂದ ಡ್ರೈವರನ್ನು ಸೀಟಿನಲ್ಲಿ ಕೂರಿಸಿ, ನಾಲ್ಕು ಗಾಲಿಗೂ ನಾಲ್ಕು ತಕ್ಕಡಿ ಇಟ್ಟು ತೂಗಬೇಕು. ನಮ್ಮಲ್ಲಿದ್ದದ್ದು ಒಂದೇ ತಕ್ಕಡಿ. ಉಳಿದ ಮೂರು ಗಾಲಿಯ ಕೆಳಗೆ ಅದೇ ಎತ್ತರದ ಹಲಗೆ ಇಟ್ಟು ಒಂದೊಂದೇ ಗಾಲಿ ತೂಗುತ್ತಿದ್ದೆವು. ಗಾಲಿಯ ವಾಲು ನೋಡುವುದು ಅದಾದ ಮೇಲೆ. ಶಾಕಬ್ಸರ್ ಎಲ್ಲಕ್ಕೂ ಕೊನೆಗೆ.

ಇಷ್ಟೆಲ್ಲ ಕೈಕೆಲಸ ನಡೆಯುತ್ತಿದ್ದ ದಿನಗಳಲ್ಲೇ ಸೀಮೆಯಾಚೆ ಅದನ್ನು ಕಂಪ್ಯೂಟರಿಗೆ ಒಪ್ಪಿಸುವ ಕೆಲಸ ನಡೆದಿತ್ತು. ಲೋಟಸ್ ತಂಡ 1983ರಲ್ಲೇ ಅಂಥ ಕಾರನ್ನು ಓಟಕ್ಕೆ ಇಳಿಸಿ ಕೈಬಿಟ್ಟಿತ್ತು. 1987ರಲ್ಲಿ ಮತ್ತೆ ತಂದಾಗ ಐರ್ಟನ್ ಸೆನ್ನಾ ಮೊನಾಕೊ ಮತ್ತು ಡೆಟ್ರಾಯಿಟ್ ಎರಡೂ ಓಟ ಗೆದ್ದರು. 1992ರಲ್ಲಿ ವಿಲಿಯಮ್ಸ್ ತಂಡದ ಎಫ್‌ಡಬ್ಲ್ಯೂ14ಬಿ ಕಾರಿನಲ್ಲಿ ನೈಜೆಲ್ ಮ್ಯಾನ್ಸೆಲ್ 16 ಓಟಗಳಲ್ಲಿ 9 ಗೆದ್ದು ಚಾಂಪಿಯನ್. ಕಾರು ತನ್ನ ಎತ್ತರವನ್ನು ತಾನೇ ಓಡುತ್ತಾ ಓಡುತ್ತಾ ಸರಿಮಾಡಿಕೊಳ್ಳುತ್ತಿತ್ತು. 1994ರಿಂದ ಫಾರ್ಮುಲಾ ಒನ್‌ನಲ್ಲಿ ಅದನ್ನು ನಿಷೇಧಿಸಿದರು. ಈ ಸುದ್ದಿ ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ಅಷ್ಟರಲ್ಲಿ ಅಪ್ಪ ಹಾಸಿಗೆ ಹಿಡಿದು ನಾನು ಊರಿಗೆ ಬಂದು ಅರಿಶಿನದ ಹೊಲಕ್ಕೆ ಇಳಿದಾಗಿತ್ತು. ಅದೇ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಓಡಿಸಿದಾಗ ನಾನು ಟಿ.ವಿ. ಮುಂದೆ ಕೂತು ಗಾಲಿಯ ಕಡೆಗೇ ನೋಡುತ್ತಿದ್ದೆ.

ನಮ್ಮ ಬೀದಿಯ ಹುಡುಗನ ವಿಷಯ. ಮಾರನೆಯ ಬೆಳಗ್ಗೆ ಅವನನ್ನು ಕರೆದು ಕಾರು ಜಾಕಿಗೆ ಎತ್ತಿಸಿದೆ. ಕುಯ್ದ ಸ್ಪ್ರಿಂಗು ಬಟ್ಟಲಿನಲ್ಲಿ ಕೂತೇ ಇರಲಿಲ್ಲ, ಗಾಲಿ ಕೆಳಕ್ಕೆ ಇಳಿದಾಗ ಸಡಿಲವಾಗಿ ಒಲೆದಾಡುತ್ತಿತ್ತು. ಬೆರಳಿನಿಂದ ಅಲುಗಿಸಿ ತೋರಿಸಿದೆ. ಅವನ ಮುಖ ಬಿಳಿಚಿಕೊಂಡಿತು. "ಇಳಿಯುವಾಗ ಏನಾಯ್ತಿತ್ತು ತಾತ?" ಅಂದ. ಹೆಗಲ ಮೂಳೆ ಮುರಿದವನ ಕಥೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅವನಿಗೇ. ಎರಡು ದಿನ ಕಾರು ನಮ್ಮ ಹಟ್ಟಿ ಮುಂದೆ ಕಲ್ಲಿನ ಮೇಲೆ ನಿಂತಿತ್ತು. ಅವನು ಬಸ್ಸಿನಲ್ಲಿ ಸತ್ಯಮಂಗಲಕ್ಕೆ ಇಳಿದು ಅದೇ ಕಾರಿನ ಅಳತೆಯ ನಾಲ್ಕು ಸ್ಪ್ರಿಂಗು ತಂದ. ಹಾಕಿದ ಮೇಲೆ ನಾಲ್ಕು ಮೂಲೆಯ ಎತ್ತರವನ್ನು ಟೇಪು ಹಿಡಿದು ಅಳೆದೆವು. ಹಿಂದೆ ಬಲಗಡೆ ಎಂಟು ಮಿಲಿಮೀಟರ್ ಕಡಿಮೆ ಬಂತು. ಅಣ್ಣ ಕೊಟ್ಟ ನೋಟ್‌ಬುಕ್ಕಿನಲ್ಲಿ ಇನ್ನೂ ಹಾಳೆ ಉಳಿದಿತ್ತು, ಅದರಲ್ಲೇ ಬರೆಸಿದೆ.