ತಪ್ಪು ಯಾರದು? ನಷ್ಟ ಎಷ್ಟು?

ರಸ್ತೆಯಲ್ಲಿ ಅಪಘಾತವಾದೊಡನೆ ಜನ ಸೇರುತ್ತಾರೆ. ಮೊದಲು ಕೇಳಿಬರುವ ಪ್ರಶ್ನೆ ‘ತಪ್ಪು ಯಾರದು?’ ಎಂಬುದು. ನ್ಯಾಯಾಲಯಗಳೂ ಬಹುಕಾಲ ಇದನ್ನೇ ಕೇಳುತ್ತಿದ್ದವು. ದುಡಿಯುವ ಕೈಯನ್ನು ಕಳೆದುಕೊಂಡ ಮನೆಯ ಪ್ರಶ್ನೆ ಬೇರೆ: ‘ನಾಳೆಯ ಗತಿ ಏನು?’ ಭಾರತದ ಮೋಟಾರು ಅಪಘಾತ ಪರಿಹಾರ ಕಾನೂನು ಮೊದಲ ಪ್ರಶ್ನೆಯಿಂದ ಎರಡನೆಯದರ ಕಡೆಗೆ ಬಹಳ ನಿಧಾನವಾಗಿ ನಡೆದು ಬಂದಿದೆ.

ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಒಂದು ವಿಚಿತ್ರವಿತ್ತು. ಗಾಯಗೊಂಡವನು ಬದುಕಿದ್ದರೆ ಪರಿಹಾರ ಕೇಳಬಹುದಿತ್ತು. ಸತ್ತರೆ ಆತನ ಹಕ್ಕೂ ಆತನೊಂದಿಗೇ ಸಾಯುತ್ತಿತ್ತು. ರೈಲು ಅಪಘಾತಗಳು ಹೆಚ್ಚಿದ ಕಾಲದಲ್ಲಿ, 1846ರಲ್ಲಿ, ಲಾರ್ಡ್ ಕ್ಯಾಂಪ್‌ಬೆಲ್ ಹೆಸರಿನಿಂದ ಪ್ರಸಿದ್ಧವಾದ ಕಾಯ್ದೆ ಈ ಲೋಪವನ್ನು ತಿದ್ದಿತು. ಅದೇ ಮಾದರಿಯ ಕಾಯ್ದೆ 1855ರಲ್ಲಿ ಭಾರತಕ್ಕೂ ಬಂತು. ಮೃತರ ಪತಿ ಅಥವಾ ಪತ್ನಿ, ತಂದೆತಾಯಿ ಮತ್ತು ಮಕ್ಕಳ ಪರವಾಗಿ ದಾವೆ ಹೂಡಲು ಅವಕಾಶವಾಯಿತು. ಆದರೆ ಅದು ಸಿವಿಲ್ ನ್ಯಾಯಾಲಯದ ದಾವೆ. ಶುಲ್ಕ ಕಟ್ಟಬೇಕು, ವರ್ಷಗಟ್ಟಲೆ ಅಲೆಯಬೇಕು. ಗೆದ್ದರೂ ವಾಹನದ ಮಾಲೀಕನ ಬಳಿ ಹಣವಿಲ್ಲದಿದ್ದರೆ ಡಿಕ್ರಿ ಬರೀ ಕಾಗದವಾಗಿ ಉಳಿಯುತ್ತಿತ್ತು.

ಈ ಕೊನೆಯ ತೊಡಕಿಗೆ ಪರಿಹಾರವಾಗಿ ಬಂದದ್ದು ಕಡ್ಡಾಯ ವಿಮೆ. 1939ರ ಮೋಟಾರು ವಾಹನ ಕಾಯ್ದೆಯಲ್ಲಿದ್ದ ಈ ಅಧ್ಯಾಯ ಜಾರಿಗೆ ಬಂದದ್ದು 1946ರಲ್ಲಿ. ಮಾಲೀಕ ಬಡವನಾದರೂ ಹಣ ಕೊಡಲು ವಿಮಾ ಕಂಪನಿ ಇರಬೇಕೆಂಬುದು ಇದರ ಉದ್ದೇಶ. 1956ರ ತಿದ್ದುಪಡಿ ಅಪಘಾತ ಪರಿಹಾರಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿಗಳಿಗೆ ಎಡೆ ಮಾಡಿತು. ಬೆಂಗಳೂರಿನ ಸ್ಮಾಲ್ ಕಾಸಸ್ ಕೋರ್ಟ್ ಇಂದು ಇಂಥ ಅರ್ಜಿಗಳನ್ನು ವಿಚಾರಣೆ ಮಾಡುವ ಸ್ಥಳಗಳಲ್ಲೊಂದು.

ಆದರೂ ‘ತಪ್ಪು ಯಾರದು?’ ಎಂಬ ಪ್ರಶ್ನೆ ಹಿಂದೆ ಸರಿಯಲಿಲ್ಲ. ಚಾಲಕನ ನಿರ್ಲಕ್ಷ್ಯ ಸಾಬೀತಾಗದೆ ಪರಿಹಾರವಿಲ್ಲವೆಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಂಸತ್ತು 1982ರಲ್ಲಿ ಇದಕ್ಕೆ ಭಾಗಶಃ ಉತ್ತರ ಕೊಟ್ಟಿತು. ತಪ್ಪು ಯಾರದೇ ಇರಲಿ, ಸಾವಿಗೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಕೊಡಬೇಕೆಂದಾಯಿತು. 1988ರ ಹೊಸ ಕಾಯ್ದೆ ಸಾವಿನ ಮೊತ್ತವನ್ನು 25,000ಕ್ಕೆ, 1994ರ ತಿದ್ದುಪಡಿ 50,000ಕ್ಕೆ ಏರಿಸಿತು. 2019ರ ತಿದ್ದುಪಡಿಯ ಪ್ರಕಾರ, 2022ರ ಏಪ್ರಿಲ್‌ನಿಂದ, ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದೆ ಹೋದರೆ ಸಾವಿಗೆ ಸಿಗುವುದು 2 ಲಕ್ಷ. ಇದಕ್ಕಿಂತ ಹೆಚ್ಚಿನ ಪರಿಹಾರ ಬೇಕೆಂದರೆ ಇಂದಿಗೂ ನಿರ್ಲಕ್ಷ್ಯವನ್ನು ತೋರಿಸಬೇಕು.

ಇನ್ನು ನಷ್ಟದ ಲೆಕ್ಕ. ಒಂದೇ ಬಗೆಯ ಸಾವಿಗೆ ಒಂದೊಂದು ನ್ಯಾಯಮಂಡಳಿ ಒಂದೊಂದು ಮೊತ್ತ ಕೊಡುವ ಗೊಂದಲವನ್ನು ತಪ್ಪಿಸಲು ಸುಪ್ರೀಂ ಕೋರ್ಟ್ 2009ರಲ್ಲಿ ವಯಸ್ಸಿಗೆ ತಕ್ಕ ಗುಣಕಗಳನ್ನು ನಿಗದಿ ಮಾಡಿತು. ಮುಂದೆ ಹೆಚ್ಚಬಹುದಾಗಿದ್ದ ವರಮಾನವನ್ನೂ ಸೇರಿಸುವ ಕ್ರಮವನ್ನು 2017ರಲ್ಲಿ ಸಂವಿಧಾನ ಪೀಠ ಸ್ಪಷ್ಟಪಡಿಸಿತು. ತಿಂಗಳಿಗೆ 12,000 ರೂಪಾಯಿ ಗಳಿಸುತ್ತಿದ್ದ 38 ವರ್ಷದ ಬಡಗಿಯೊಬ್ಬ ತೀರಿಕೊಂಡನೆಂದು ಭಾವಿಸೋಣ. ಭವಿಷ್ಯದ ಗಳಿಕೆಗೆ ಶೇ 40 ಸೇರಿಸಿದರೆ 16,800. ನಾಲ್ವರು ಅವಲಂಬಿತರಿದ್ದರೆ ಆತನ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆಯಬೇಕು, ಉಳಿಯುವುದು 12,600. ವರ್ಷಕ್ಕೆ 1,51,200. ಆ ವಯಸ್ಸಿನ ಗುಣಕ 15ರಿಂದ ಗುಣಿಸಿದರೆ 22,68,000 ರೂಪಾಯಿ. ಸಂಬಳವಿಲ್ಲದ ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಲೇಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಮತ್ತೊಮ್ಮೆ ಒತ್ತಿಹೇಳಿತು.

ಇಷ್ಟೆಲ್ಲ ಹಕ್ಕುಗಳಿಗೆ ಒಂದು ಬಾಗಿಲಿದೆ. ಅದು ಅರ್ಜಿಯ ಗಡುವು. ಮೊದಲು ಅದು 60 ದಿನವಿತ್ತು, ಬಳಿಕ ಆರು ತಿಂಗಳಾಯಿತು. ಶೋಕದಲ್ಲಿರುವ ಮನೆಗೆ, ಆಸ್ಪತ್ರೆಯಲ್ಲಿ ಮಲಗಿದವನಿಗೆ ದಿನ ಎಣಿಸುವುದು ಕಷ್ಟವೆಂಬುದನ್ನು ಮನಗಂಡು 1994ರಲ್ಲಿ ಗಡುವನ್ನೇ ತೆಗೆದುಹಾಕಲಾಯಿತು. 2019ರ ತಿದ್ದುಪಡಿ ಆರು ತಿಂಗಳನ್ನು ಮರಳಿ ತಂದಿದೆ. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿಗಳು ಹೋಗಿವೆ. ಆ ತೀರ್ಪನ್ನು ನೆಚ್ಚಿ ಸುಮ್ಮನೆ ಕೂರುವುದು ಯಾರಿಗೂ ಕ್ಷೇಮವಲ್ಲ.

ಆದ್ದರಿಂದ ಅಪಘಾತದ ಮರುದಿನಗಳ ಸಣ್ಣ ಕೆಲಸಗಳೇ ದೊಡ್ಡವು: ಠಾಣೆಯಲ್ಲಿ ದೂರು ದಾಖಲಾಯಿತೇ, ವಾಹನದ ಸಂಖ್ಯೆ ಅದರಲ್ಲಿ ಸರಿಯಾಗಿದೆಯೇ ಎಂದು ನೋಡುವುದು, ಮಹಜರಿನ ಪ್ರತಿ ಪಡೆಯುವುದು, ಆಸ್ಪತ್ರೆಯ ಬಿಲ್ಲು ಮತ್ತು ವರಮಾನದ ದಾಖಲೆಗಳನ್ನು ಜೋಪಾನ ಮಾಡುವುದು. ಅಪಘಾತ ದೂರದೂರಿನಲ್ಲಿ ಆಗಿದ್ದರೂ ಅರ್ಜಿದಾರರು ತಾವು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಗೆ ಹೋಗಬಹುದು. ಇದೂ 1994ರ ತಿದ್ದುಪಡಿಯ ಕೊಡುಗೆ. ಇದನ್ನು ಮಾತ್ರ ಮುಂದೆ ಯಾರೂ ಹಿಂದಕ್ಕೆ ಪಡೆದಿಲ್ಲ. ಹೋದ ಜೀವವನ್ನು ಯಾವ ಗುಣಕವೂ ಮರಳಿ ತಾರದು. ಉಳಿದವರ ಮನೆಯಲ್ಲಿ ಒಲೆ ಉರಿಯುವಂತೆ ಮಾಡುವುದಷ್ಟೇ ಕಾನೂನಿನಿಂದ ಸಾಧ್ಯ. ಒಂದೂವರೆ ಶತಮಾನಕ್ಕೂ ಮೀರಿದ ಪ್ರಯತ್ನದಿಂದ ದೊರೆತ ಆ ಹಕ್ಕು ಕೇವಲ ದಿನ ಮೀರಿದ ಕಾರಣಕ್ಕೆ ಕೈತಪ್ಪಬಾರದು.