ಬ್ಯಾಡ್ಜಿಗೆ ಗಿರಾಕಿ ಇದ್ದಾರೆ, ಲಾಗ್ ಬುಕ್ಕಿಗೆ ಯಾರಿದ್ದಾರೆ?

ಇವತ್ತಿನ ಕಂತಿನ ವಿಷಯ ಸ್ಕೌಟು. ಖಾಕಿ ಚಡ್ಡಿ, ಕೊರಳಿಗೆ ಸ್ಕಾರ್ಫು, ಎಡಗೈ ಶೇಕ್‌ಹ್ಯಾಂಡು, ಆಗಸ್ಟ್ ಹದಿನೈದರ ಪರೇಡು. ನಮ್ಮಲ್ಲಿ ಬಹಳ ಜನಕ್ಕೆ ಸ್ಕೌಟು ಅಂದ್ರೆ ಇಷ್ಟೇ ನೆನಪು. ಆದರೆ ಇಂಡಿಯಾದಲ್ಲಿ ಸ್ಕೌಟಿಂಗ್ ಶುರುವಾದದ್ದು ನಮ್ಮ ಬೆಂಗಳೂರಲ್ಲಿ. ಆ ಚರಿತ್ರೆಯ ಹಳೇ ಸಾಮಾನು, ಅಂದರೆ ಹಿತ್ತಾಳೆ ಬ್ಯಾಡ್ಜು, ಬೆಲ್ಟಿನ ಬಕಲ್ಲು, ಸ್ಕಾರ್ಫು, ಕ್ಯಾಂಪಿನ ಫೋಟೋ, ಈಗ ಅಟ್ಟದಿಂದ ಇಳಿದು ಪೇಟೆಗೆ ಬರ್ತಾ ಇದೆ. ಅದರಲ್ಲಿ ಏನು ಉಳೀತಾ ಇದೆ, ಏನು ತೂಕಕ್ಕೆ ಹೋಗ್ತಾ ಇದೆ ಅನ್ನೋದನ್ನ ಮಾತಾಡೋಣ.

ಮೊದಲು ಇಸವಿಗಳನ್ನ ಮುಗಿಸಿಬಿಡ್ತೀನಿ. 1907ರಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಒಂದು ಶಿಬಿರ ಮಾಡಿದ. 1908ರಲ್ಲಿ ಪುಸ್ತಕ ಬಂತು. 1909ರಲ್ಲೇ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಅನ್ನೋರು ದೇಶದ ಮೊದಲ ಸ್ಕೌಟ್ ದಳ ಕಟ್ಟಿದರು. ಈ 1909ನ್ನ ಎಲ್ಲರೂ ಹೆಮ್ಮೆಯಿಂದ ಹೇಳ್ತಾರೆ. ಅದರ ಜೊತೆಗೆ ಹೇಳಬೇಕಾದ ಇನ್ನೊಂದು ಮಾತನ್ನ ಮಾತ್ರ ನುಂಗಿಬಿಡ್ತಾರೆ: ಆಗಿನ ಸ್ಕೌಟಿಂಗ್ ಇದ್ದದ್ದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ. ಬಸವನಗುಡಿಯ ಹುಡುಗನಿಗೆ ಅಲ್ಲಿ ಜಾಗ ಇರಲಿಲ್ಲ.

ಆಗ ಬೆಂಗಳೂರು ಅಂದರೆ ಎರಡು ಊರು, ಇದನ್ನ ಮರೀಬೇಡಿ. ಕಬ್ಬನ್ ಪಾರ್ಕಿನ ಆಚೆ ದಂಡು, ಬ್ರಿಟಿಷರ ಆಡಳಿತದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನು. ಈಚೆ ಪೇಟೆ, ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ. ಇದೆಲ್ಲಾ ಮೈಸೂರು ಮಹಾರಾಜರದ್ದು. ಒಂದು ಜಟಕಾ ದಾರಿ, ಅಷ್ಟೇ. ಆ ದಾರಿ ದಾಟಿ ಬರೋಕೆ ಸ್ಕೌಟಿಂಗಿಗೆ ಸುಮಾರು ಎಂಟು ವರ್ಷ ಹಿಡೀತು.

ದಾಟಿಸಿದವರಲ್ಲಿ ದೊಡ್ಡ ಹೆಸರು ಆನಿ ಬೆಸೆಂಟ್ ಅವರದ್ದು. ನಮ್ಮ ಹುಡುಗರನ್ನ ಸೇರಿಸಿಕೊಳ್ಳಲ್ವಾ, ಸರಿ ಹಾಗಾದ್ರೆ ನಾವೇ ಕಟ್ತೀವಿ ಅಂತ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್ ಮದರಾಸಿನಲ್ಲಿ ಇಂಡಿಯನ್ ಬಾಯ್ ಸ್ಕೌಟ್ಸ್ ಅಸೋಸಿಯೇಷನ್ ಶುರು ಮಾಡಿದರು. ಅವರ ಸ್ಕೌಟುಗಳಿಗೆ ಇಂಗ್ಲಿಷ್ ಹ್ಯಾಟಿನ ಬದಲು ತಲೆಗೆ ಪೇಟ, ಬಾಯಲ್ಲಿ ನಮ್ಮ ಹಾಡು. 1917ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲೂ ಬಾಲಚರ ಚಳವಳಿ ಬೇರು ಬಿಟ್ಟಿತು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಬೆಸೆಂಟ್ ಅವರಿಂದ ಶುರುವಾದದ್ದೂ ಅದೇ 1917ರಲ್ಲಿ. ಅದೇ ವರ್ಷ ಬ್ರಿಟಿಷ್ ಸರ್ಕಾರ ಆಕೆಯನ್ನ ಊಟಿಯಲ್ಲಿ ನಿರ್ಬಂಧದಲ್ಲಿಟ್ಟಿತ್ತು. ವರ್ಷದ ಕೊನೆಗೆ ಆಕೆ ಕಾಂಗ್ರೆಸ್ ಅಧ್ಯಕ್ಷೆ. ಸ್ಕೌಟು ಅಂದ್ರೆ ಗಂಟು ಹಾಕೋದು, ಟೆಂಟು ಕಟ್ಟೋದು ಅಷ್ಟೇ ಅಂದುಕೊಂಡವರು ಈ ಇಸವಿಗಳನ್ನ ಒಂದರ ಪಕ್ಕ ಒಂದು ಇಟ್ಟು ನೋಡಬೇಕು.

ಆಮೇಲಿಂದು ಚಿಕ್ಕದಾಗಿ: 1921ರಲ್ಲಿ ಬೇಡನ್ ಪೊವೆಲ್ ಇಂಡಿಯಾಕ್ಕೆ ಬಂದಾಗ ಬೆಸೆಂಟ್ ಸಂಸ್ಥೆ ಬ್ರಿಟಿಷ್ ಸಂಸ್ಥೆ ಜೊತೆ ಸೇರಿತು. 1937ರಲ್ಲಿ ಆತ ಮತ್ತೆ ಬಂದುಹೋದ ಮೇಲೆ ಭಾರತೀಯರ ಬಗ್ಗೆ ಆಡಿದ ಹಗುರ ಮಾತಿಗೆ ದೊಡ್ಡ ಗಲಾಟೆ ಆಯ್ತು, 1938ರಲ್ಲಿ ಹಿಂದೂಸ್ತಾನ್ ಸ್ಕೌಟ್ ಅಸೋಸಿಯೇಷನ್ ಬೇರೆಯಾಗಿ ನಿಂತಿತು. ಸ್ವಾತಂತ್ರ್ಯದ ನಂತರ, 1950ರ ನವೆಂಬರ್ 7ಕ್ಕೆ, ಎಲ್ಲಾ ಕೂಡಿ ಭಾರತ್ ಸ್ಕೌಟ್ಸ್. ಮರುವರ್ಷ ಗೈಡುಗಳೂ ಸೇರಿಕೊಂಡರು.

ಇದನ್ನೆಲ್ಲಾ ಯಾಕೆ ಹೇಳಿದೆ ಅಂದ್ರೆ, ಬ್ಯಾಡ್ಜು ಕೈಗೆ ಬಂದಾಗ ನೋಡೋದೇ ಇದನ್ನ. ಅಶೋಕ ಚಕ್ರ ಇದ್ರೆ 1950ರ ಈಚಿನದು. ಬರೀ ಮೂರೆಸಳಿನ ಲಿಲ್ಲಿ, ಕೆಳಗೆ ಇಂಗ್ಲಿಷಲ್ಲಿ ‘ಸಿದ್ಧನಾಗಿರು’ ಅನ್ನೋ ಪಟ್ಟಿ ಇದ್ರೆ ಸಾಮಾನ್ಯವಾಗಿ ಅದಕ್ಕಿಂತ ಹಳೇದು. ಹಿಂದೆ ತಿರುಗಿಸಿ ನೋಡಿ, ಕೆಲವದರಲ್ಲಿ ಜೆ.ಆರ್. ಗಾಂಟ್ ಅಂತ ಇಂಗ್ಲೆಂಡಿನ ತಯಾರಕರ ಹೆಸರು ಇರುತ್ತೆ. ಒಂದು ತಮಾಷೆ ಕೇಳಿ. 1911ರಿಂದ 1930ರ ದಶಕದ ನಡುವಿನವರೆಗೆ ಉಪಕಾರ ಮಾಡಿದವರಿಗೆ ಸ್ಕೌಟುಗಳು ಕೊಡ್ತಿದ್ದ ಥ್ಯಾಂಕ್ಸ್ ಬ್ಯಾಡ್ಜಿನಲ್ಲಿ ಸ್ವಸ್ತಿಕ ಇತ್ತು. ಹಿಟ್ಲರ್ ಬಂದಮೇಲೆ ತೆಗೆದುಹಾಕಿದರು. ವಿದೇಶದ ಸಂಗ್ರಾಹಕರು ಅದಕ್ಕೆ ಮುಗಿಬೀಳ್ತಾರೆ. ನಮ್ಮ ಮನೆಗಳಲ್ಲಿ ಅದು ಸಿಕ್ಕಿದ್ರೆ ದೇವರ ಮನೆಗೆ ಹೋಗಿರುತ್ತೆ, ಕುಂಕುಮ ಬೇರೆ.

ಸ್ಟಾಂಪಿನವರದ್ದು ಇನ್ನೊಂದು ಲೋಕ. 1900ರಲ್ಲಿ ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಮುತ್ತಿಗೆಯಲ್ಲಿ ರಾಣಿಯ ಮುಖದ ಬದಲು ಬೇಡನ್ ಪೊವೆಲ್ ಮುಖ ಹಾಕಿ ನೀಲಿ ಸ್ಟಾಂಪು ಅಚ್ಚು ಮಾಡಿದ್ದರು, ಅದಕ್ಕೆ ಭಾರೀ ಬೆಲೆ. ನಮ್ಮ ಅಂಚೆ ಇಲಾಖೆ 1982ರಲ್ಲಿ ತಂದ 75ನೇ ವರ್ಷದ ಸ್ಟಾಂಪು ಇದೆಯಲ್ಲ, ಅದು ಯಾವ ಹುಡುಗನ ಆಲ್ಬಮ್ಮಿಗೂ ಬರುವಂಥದ್ದು. ಶುರು ಮಾಡೋರು ಅಲ್ಲಿಂದ ಶುರು ಮಾಡಿ.

ಈಗ ವಿಷಯಕ್ಕೆ ಬರ್ತೀನಿ. ಹೋದ ವರ್ಷ ಚಾಮರಾಜಪೇಟೆಯ ಒಂದು ಹಳೇ ಮನೆ ಕೆಡವೋ ಮುಂಚೆ ನನಗೆ ಕರೆ ಬಂತು. ಆ ಮನೆಯ ಯಜಮಾನರು ಒಂದು ಕಾಲಕ್ಕೆ ಶಾಲೆ ಮೇಷ್ಟ್ರು, ಸ್ಕೌಟ್ ಮಾಸ್ಟರ್ ಕೂಡಾ. ತೀರಿಕೊಂಡು ದಶಕಗಳೇ ಆಗಿವೆ. ಅವರ ಸೊಸೆ, ಎಪ್ಪತ್ತು ದಾಟಿದ ಅಮ್ಮ, ನನ್ನ ಮುಂದೆ ತಗಡಿನ ಟ್ರಂಕು ತೆಗೆದಿಟ್ಟು, “ನೋಡಪ್ಪ, ಗುಜರಿಯವನು ಬೆಳಿಗ್ಗೆ ಬಂದಿದ್ದ. ಹಿತ್ತಾಳೆಗೆ ಒಂದು ರೇಟು, ಪೇಪರಿಗೆ ಒಂದು ರೇಟು ಅಂದ. ನಿನಗೇನಾದ್ರೂ ಬೇಕಿದ್ರೆ ತಗೋ” ಅಂದರು.

ಟ್ರಂಕಲ್ಲಿ ಎರಡು ಬ್ಯಾಡ್ಜು, ಒಂದು ಸೀಟಿ, ಬಣ್ಣ ಮಾಸಿದ ಸ್ಕಾರ್ಫು. ಕೆಳಗೆ ರಟ್ಟಿನ ಒಂದು ಉದ್ದ ಪುಸ್ತಕ, ದಳದ ಲಾಗ್ ಬುಕ್ಕು. 1930ರ ದಶಕದ್ದು. ತಲೆಬರಹ ಇಂಗ್ಲಿಷು, ಒಳಗೆ ಕನ್ನಡ, ಲೆಕ್ಕ ಆಣೆ ಕಾಸಿನಲ್ಲಿ.

ಅಲ್ಲಿಂದ ಕೆಂಗೇರಿಗೆ ನಡೆದುಕೊಂಡು ಹೋದ ಒಂದು ಹೈಕಿನ ವರದಿ ಇದೆ. ಅಕ್ಕಿ ಎಷ್ಟು ಸೇರು, ಬೇಳೆ ಎಷ್ಟು, ಸೌದೆಗೆ ಎಷ್ಟು ಅಂತ ಬರೆದು ಹನ್ನೆರಡು ಹುಡುಗರ ಹೆಸರು ಹಾಕಿದ್ದಾರೆ. ಎಲ್ಲರೂ ಸೇರಿ ಅಡುಗೆ ಮಾಡಿದ್ದು, ಒಂದೇ ಪಂಕ್ತಿಯಲ್ಲಿ ಕೂತದ್ದು ದಾಖಲಾಗಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಇಬ್ಬರು ಮಾತ್ರ ಮನೆಯಿಂದ ತಂದ ಬುತ್ತಿ ಬಿಚ್ಚಿದರು ಅಂತ ಇದೆ. ಮೇಷ್ಟ್ರು ಯಾಕೆ ಅಂತ ಬರೆದಿಲ್ಲ. ಆ ಕಾಲದ ಚಾಮರಾಜಪೇಟೆ ಗೊತ್ತಿದ್ದವರಿಗೆ ಬರೆಯೋ ಅಗತ್ಯವೂ ಇರಲಿಲ್ಲ. ಮುಂದಿನ ಹೈಕಿನ ಪುಟಕ್ಕೆ ಹೋದೆ. ಆ ಇಬ್ಬರಲ್ಲಿ ಒಬ್ಬ ಈ ಸಲ ಪಂಕ್ತಿಯಲ್ಲೇ ಕೂತಿದ್ದಾನೆ. ಇನ್ನೊಬ್ಬನ ಹೆಸರು ಅಲ್ಲಿಂದಾಚೆ ಎಲ್ಲೂ ಇಲ್ಲ.

ಸ್ಕೌಟು ಜಾತಿ ನೋಡಲ್ಲ ಅಂತ ಪ್ರತಿಜ್ಞೆ ಮಾಡಿಸೋದು ಸುಲಭ. ಅದು ಒಂದು ಬೀದಿಯಲ್ಲಿ, ಒಂದು ಅನ್ನದ ತಪ್ಪಲೆ ಮುಂದೆ, ಹೇಗೆ ನಡೀತು, ಎಲ್ಲಿ ಎಡವಿತು ಅನ್ನೋದು ಈ ಎರಡು ಪುಟದಲ್ಲಿದೆ. ಯಾವ ಬ್ಯಾಡ್ಜಿನ ಮೇಲೂ ಇಲ್ಲ.

ಆ ಬ್ಯಾಡ್ಜುಗಳ ಫೋಟೋವನ್ನ ಪರಿಚಯದ ಸಂಗ್ರಾಹಕರಿಗೆ ಕಳಿಸಿದೆ. ಒಂದು ಗಂಟೆಯೊಳಗೆ ಮೂರು ಜನ ಉತ್ತರ ಕೊಟ್ಟರು, ಅದರಲ್ಲಿ ಒಬ್ಬರು ಹೊರದೇಶದವರು, ಒಳ್ಳೆ ಬೆಲೆಯನ್ನೇ ಹೇಳಿದರು. ಲಾಗ್ ಬುಕ್ಕೂ ಇದೆ ಅಂದೆ. ಕನ್ನಡದ್ದಾ, ಹಾಗಿದ್ರೆ ಬೇಡ, ಪೋಸ್ಟೇಜು ದಂಡ ಅಂದರು. ಅವರನ್ನ ಬೈಯೋಕೆ ಆಗಲ್ಲ, ಅವರಿಗೆ ಓದೋಕೆ ಬರಲ್ಲ. ಓದೋಕೆ ಬರೋ ನಾವು ಅದನ್ನ ಗುಜರಿಗೆ ಹಾಕ್ತೀವಲ್ಲ, ಅದಕ್ಕೆ ಏನು ಹೇಳೋಣ?

ಬ್ಯಾಡ್ಜು ಬದಲಾಯಿಸಿಕೊಳ್ಳೋದು ತಪ್ಪು ಅಂತ ನಾನು ಹೇಳ್ತಿಲ್ಲ. ಜಂಬೂರಿಗೆ ಹೋದವರಿಗೆ ಗೊತ್ತು, ರಾತ್ರಿ ಟೆಂಟಿನ ಮುಂದೆ ಟವಲ್ ಹಾಸಿ ನಿನ್ನ ಅಸ್ಸಾಮಿಗೆ ನನ್ನ ಕರ್ನಾಟಕ ಅಂತ ಅದಲು ಬದಲು ಮಾಡೋ ಸುಖ. 1960ರಲ್ಲಿ ಮೂರನೇ ರಾಷ್ಟ್ರೀಯ ಜಂಬೂರಿ ನಡೆದದ್ದು ಬೆಂಗಳೂರಲ್ಲೇ. 2016ರ ಕೊನೆಗೆ ಮೈಸೂರು ಹತ್ತಿರದ ಅಡಕನಹಳ್ಳಿಯಲ್ಲಿ ಹದಿನೇಳನೆಯದು ಆಯ್ತು. ಮಕ್ಕಳು ಮಕ್ಕಳ ಜೊತೆ ಬದಲಾಯಿಸಿಕೊಂಡರೆ ಅದು ಸ್ನೇಹ. ಅಲ್ಲಿ ದೊಡ್ಡವರು ನುಗ್ಗಿ ಹನ್ನೆರಡು ವರ್ಷದ ಹುಡುಗನ ಹತ್ತಿರ ಅವನಜ್ಜನ ಬ್ಯಾಡ್ಜನ್ನ ನಾಲ್ಕು ಹೊಸ ಬ್ಯಾಡ್ಜಿಗೆ ಗಿಟ್ಟಿಸಿಕೊಂಡ್ರೆ ಅದಕ್ಕೆ ಬೇರೆ ಹೆಸರಿದೆ. ಇನ್ನು ರಾಷ್ಟ್ರಪತಿ ಸ್ಕೌಟ್ ಪ್ರಶಸ್ತಿಪತ್ರ, ಹೆಸರು ಕೆತ್ತಿದ ಪದಕ ಇಂಥವನ್ನ ಮಾರಬಾರದು, ಕೊಳ್ಳಲೂಬಾರದು. ಇದು ನನ್ನ ಹಠ, ಒಪ್ಪದವರು ಇರಬಹುದು.

ಕೊಟ್ಟು ತಗೊಳ್ಳೋದಿದ್ರೆ ನಾನು ಕೇಳೋದು ಒಂದೇ: ಸಾಮಾನಿನ ಜೊತೆ ಒಂದು ಚೀಟಿ ಇರಲಿ. ಯಾರದ್ದು, ಯಾವ ಶಾಲೆ, ಯಾವ ಬೀದಿ, ಯಾರಿಂದ ಯಾವಾಗ ಬಂತು. ದಂಡಿನ ದಳದ ಬ್ಯಾಡ್ಜಿಗೂ ಬಸವನಗುಡಿ ದಳದ ಬ್ಯಾಡ್ಜಿಗೂ ನೋಡೋಕೆ ವ್ಯತ್ಯಾಸ ಇಲ್ಲದೆ ಇರಬಹುದು. ಚೀಟಿ ಹೋಯ್ತು ಅಂದ್ರೆ ಎರಡೂ ‘ಬ್ರಿಟಿಷ್ ಇಂಡಿಯಾ, ಹಳೇದು’ ಅನ್ನೋ ಒಂದೇ ಡಬ್ಬಿಗೆ ಬೀಳುತ್ತೆ. ಮೈಸೂರು ಸಂಸ್ಥಾನ ಅಲ್ಲಿಗೆ ಅಳಿಸಿಹೋಯ್ತು.

ಕಾಪಾಡೋ ವಿಚಾರ. ಹುಣಸೆಹಣ್ಣು ಹಾಕಿ ಬ್ಯಾಡ್ಜು ಉಜ್ಜಬೇಡಿ, ದಮ್ಮಯ್ಯ. ಫಳಫಳ ಹೊಳೆಯುತ್ತೆ ನಿಜ, ಆದರೆ ಅಕ್ಷರ ಸವೆಯುತ್ತೆ, ಬೆಲೆಯೂ ಇಳಿಯುತ್ತೆ. ಮೆತ್ತಗಿನ ಒಣಬಟ್ಟೆ ಸಾಕು. ಸ್ಕಾರ್ಫಿಗೆ ಚುಚ್ಚಿದ ಕಬ್ಬಿಣದ ಪಿನ್ನು ಮೊದಲು ತೆಗೀರಿ, ತುಕ್ಕಿನ ಕಲೆ ಹೋಗಲ್ಲ. ಬಿಸಿಲಿಗೆ ಇಡಬೇಡಿ. ಕಾಗದಕ್ಕೆ ಲ್ಯಾಮಿನೇಷನ್ ಅಂದ್ರೆ ಮರಣದಂಡನೆ, ಬಿಡಿಸೋಕೆ ಆಗಲ್ಲ. ಅಂಟು ಇರೋ ಪ್ಲಾಸ್ಟಿಕ್ ಹಾಳೆಯ ಫೋಟೋ ಆಲ್ಬಮ್ಮೂ ಬೇಡ. ಫೋಟೋ ಹಿಂದೆ ಪೆನ್ಸಿಲಲ್ಲಿ, ಮೆಲ್ಲಗೆ, ಎಡದಿಂದ ಬಲಕ್ಕೆ ಹೆಸರು ಬರೀರಿ. ಇವತ್ತೇ ಬರೀರಿ, ಗುರುತು ಹಿಡಿಯೋ ಅಜ್ಜ ಇರುವಾಗಲೇ.

ಲಾಗ್ ಬುಕ್ಕು ಏನಾಯ್ತು ಅಂತ ಕೇಳ್ತೀರಿ. ಟ್ರಂಕು ಒಡೆಯದೆ ಇಡೀದಾಗಿ ಉಳೀಬೇಕು ಅಂತ ಆ ಅಮ್ಮನಿಗೆ ಹೇಳಿದೆ. ಅವರು ಯೋಚನೆ ಮಾಡಿ, ಮಾರೋದು ಬೇಡ ಅಂದರು. ಪ್ರತಿ ಪುಟದ ಫೋಟೋ ತೆಗೆದಾಗಿದೆ. ಮೂಲ ಪ್ರತಿ, ಬ್ಯಾಡ್ಜು, ಸೀಟಿ ಎಲ್ಲಾ ಒಟ್ಟಿಗೆ ಈಗ ಅವರ ಮಗಳ ಮನೆಯಲ್ಲಿ, ಮಲ್ಲೇಶ್ವರದಲ್ಲಿವೆ. ಯಾವುದಾದರೂ ಗ್ರಂಥಾಲಯಕ್ಕೋ ಪತ್ರಾಗಾರಕ್ಕೋ ಕೊಡಬೇಕು ಅನ್ನೋ ಮಾತು ನಡೀತಿದೆ. ಸ್ಕೌಟ್ಸ್ ಅಂಡ್ ಗೈಡ್ಸ್ ರಾಜ್ಯ ಕಚೇರಿ ಇರೋ ಅರಮನೆ ರಸ್ತೆಗೂ ಹೋಗಿ ಕೇಳಬೇಕು ಅಂತ ಇದೆ.

ಆ ಹನ್ನೆರಡು ಹುಡುಗರಲ್ಲಿ ಐದು ಜನರ ಮನೆಯವರು ಸಿಕ್ಕಿದ್ದಾರೆ. ಒಬ್ಬರ ಮೊಮ್ಮಗಳು ತಾತ ಸ್ಕೌಟು ಅನ್ನೋದೇ ಗೊತ್ತಿರಲಿಲ್ಲ ಅಂದಳು. ಉಳಿದ ಏಳರಲ್ಲಿ ಆ ಬುತ್ತಿ ತಂದು ಮತ್ತೆ ಬಾರದೆ ಹೋದ ಹುಡುಗನೂ ಇದ್ದಾನೆ. ಹುಡುಕ್ತಾ ಇದೀನಿ.